ಇಬ್ಬರಲ್ಲಿ ಒಬ್ಬಳು ಸಾಯಬೇಕು

ಗುಲ್ನಾಜಳ ಬಲಗೈ ಹೆಬ್ಬೆರಳಿನ ಉಗುರು ಕಪ್ಪು. ಇಪ್ಪತ್ತು ವರ್ಷದಿಂದ ಕಪ್ಪು. ಹತ್ತಿಯ ಮೊಗ್ಗು ಸೀಳಿ ಸೀಳಿ ಸೊನೆ ಇಳಿದು ಕೂತದ್ದು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಂಕಾಪುರದ ಸುತ್ತಮುತ್ತ ಬೀಜದ ಪ್ಲಾಟಿನಲ್ಲಿ ದುಡಿಯುವ ಹೆಂಗಸರಿಗೆಲ್ಲ ಇಂಥ ಒಂದು ಉಗುರು ಇರುತ್ತದೆ. ಅದನ್ನು ಬೆಳೆಸಬೇಕು, ಕಾಪಾಡಬೇಕು. ಉಗುರು ಮುರಿದವಳನ್ನು ಪ್ಲಾಟಿಗೆ ಕರೆಯುವುದಿಲ್ಲ.

ಕೆಲಸ ಇಂಥದ್ದು. ಕಂಪನಿಯ ಹತ್ತಿ ಬೀಜ ತಾನಾಗಿ ಆಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸಾಲಿಗೆ ಇಳಿದು, ನಾಳೆ ಅರಳುವ ಮೊಗ್ಗು ಯಾವುದು ಎಂದು ಹುಡುಕಬೇಕು. ಉಗುರಿನಿಂದ ಸುತ್ತ ಸೀಳಿ, ಒಳಗಿನ ಗಂಡು ಕೇಸರವನ್ನೆಲ್ಲ ಕಿತ್ತು ತೆಗೆಯಬೇಕು. ನಡುವಿನ ಎಳೆಗೆ ಪೆಟ್ಟಾಗಬಾರದು. ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದಿಂದ ಗಂಡು ಹೂ ತಂದು, ಕೆಂಪು ಕಾಗದ ಕಂಡಲ್ಲೆಲ್ಲ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಎರಡು ತಿಂಗಳು ದಿನ ತಪ್ಪದೆ ನಡೆಯಬೇಕು. ಬೆನ್ನು ಬಗ್ಗಿಸಿದರೆ ಎತ್ತುವ ಹಾಗಿಲ್ಲ. ಔಷಧ ಹೊಡೆದ ಎಲೆ ಮುಖಕ್ಕೆ ಬಡಿದು ಕಣ್ಣು ಉರಿಯುತ್ತದೆ. ಹೊಟ್ಟೆನೋವು, ಮುಟ್ಟು, ಹಬ್ಬ ಯಾವುದೂ ಹೂವಿಗೆ ಗೊತ್ತಿಲ್ಲ.

ಈ ಕೆಲಸದಲ್ಲಿ ಬಾಯಿಗೆ ಮಾತ್ರ ಬಿಡುವು. ಆ ಬಿಡುವನ್ನು ತುಂಬುತ್ತಿದ್ದವಳು ಗುಲ್ನಾಜ. ನಲವತ್ತೊಂದು ವರ್ಷದ ಒಂಟಿ ಹೆಂಗಸು. ಪಿಂಜಾರರ ಮನೆಯವಳು. ಅಪ್ಪ ಅರಳೆ ಹಿಂಜಿ, ಗಾದಿ ಹೊಲಿದು, ಊರೂರು ತಿರುಗಿ ಸತ್ತ. ಮನೆಮಾತು ಕನ್ನಡ, ಓದಿದ್ದು ಹತ್ತನೆಯ ತರಗತಿ. ಅವಳ ನಾಲ್ಕು ಕಾದಂಬರಿಗಳು ಅಚ್ಚಾಗಿದ್ದವು. ಶಿಗ್ಗಾಂವದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪಂಚಾಂಗದ ಪಕ್ಕ, ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿರುತ್ತಿದ್ದರು. ಸಾಹಿತ್ಯದ ದೊಡ್ಡವರು ಯಾರೂ ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಭೆಗೆ ಕರೆದಿರಲಿಲ್ಲ. ಕರೆದಿದ್ದರೂ ಕ್ರಾಸಿಂಗ್ ಬಿಟ್ಟು ಹೋಗುವುದು ಅವಳಿಂದ ಆಗುತ್ತಿರಲಿಲ್ಲ.

ಅವಳು ಬರೆಯುವ ರೀತಿಯೇ ಬೇರೆ. ಮೊದಲು ಸಾಲಿನಲ್ಲಿ ಹೇಳುವುದು. ನಲವತ್ತು ಹೆಂಗಸರು ಬಗ್ಗಿ ಮೊಗ್ಗು ಸೀಳುತ್ತಿರುವಾಗ, ಅವಳೂ ಬಗ್ಗಿ ಮೊಗ್ಗು ಸೀಳುತ್ತ, ಗಂಟಲೆತ್ತಿ ಹೇಳುವುದು. ಒಬ್ಬಾಕೆ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಮನೆಗೆ ಬಂದು ರೊಟ್ಟಿ ಬಡಿದು ಉಂಡ ಮೇಲೆ, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂದು ನೆನೆದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಕ್ರಾಸಿಂಗ್ ಮುಗಿಯುವ ಹೊತ್ತಿಗೆ ಒಂದು ಕಾದಂಬರಿ ಮುಗಿಯುತ್ತಿತ್ತು.

ಎಲ್ಲವೂ ಪ್ರೀತಿಯ ಕಥೆಗಳೇ. ಆದರೆ ಊರವರು ಲಗ್ನದ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಪ್ರೀತಿಯಲ್ಲ. ಒಂದು ವರ್ಷ, ದೇವಿಯ ಹೆಸರಲ್ಲಿ ಸೀರೆ ಉಟ್ಟ ಜೋಗಪ್ಪನ ಮೇಲೆ ಮನಸ್ಸಿಟ್ಟ ಬಸ್ ಕಂಡಕ್ಟರನ ಕಥೆ. ಇನ್ನೊಂದು ವರ್ಷ ಗರಡಿಮನೆಯ ಇಬ್ಬರು ಹುಡುಗರ ಕಥೆ. ಹೆಂಗಸರು ಕೇಳಿದರೇ ಎಂದರೆ, ಬಾಯಿ ಬಿಟ್ಟುಕೊಂಡು ಕೇಳಿದರು. ಕಂಡಕ್ಟರ್ ಜೋಗಪ್ಪನಿಗಾಗಿ ಮೊದಲ ಸಲ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟ ದಿನ, ಗುಂಪಿನ ಹಿರಿಯಳಾದ ಅಡಿವೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು. ಅದೇ ಅಡಿವೆವ್ವ ನಿಜವಾದ ಜೋಗಪ್ಪ ಓಣಿಗೆ ಬಂದರೆ ಬಾಗಿಲು ಮುಂದೆ ಮಾಡುತ್ತಿದ್ದಳು. ಕಥೆಯೊಳಗೆ ಬಂದವರಿಗೆ ಚಾಪೆ, ಕಣ್ಣೆದುರು ಬಂದವರಿಗೆ ಚಪ್ಪಲಿ. ಇದು ನಮ್ಮ ಜನದ ಅಂತಃಕರಣ. ಗುಲ್ನಾಜಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದಳು.

ಅವಳ ಕಥೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಜ್ವರ ಬರುತ್ತಿತ್ತು, ಏಟು ಬೀಳುತ್ತಿತ್ತು, ಊರು ಬಿಡಬೇಕಾಗುತ್ತಿತ್ತು. ಆದರೆ ಕೊನೆಗೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಪುಸ್ತಕ ಅಚ್ಚು ಹಾಕುವ ಹುಬ್ಬಳ್ಳಿಯವನು ಒಮ್ಮೆ, "ಒಂದ ಸಾವು ಹಾಕ್ರಿ ಅಕ್ಕಾರ, ಓದೋ ಮಂದಿ ಅಳಬೇಕು" ಅಂದಿದ್ದ.

"ಅಳಾಕ ಅವರವರ ಮನ್ಯಾಗ ಬೇಕಾದಷ್ಟ ಐತ್ರಿ. ನನ್ನ ಪುಸ್ತಕಾ ಯಾಕ?" ಎಂದಿದ್ದಳು ಗುಲ್ನಾಜ.

ಈ ವರ್ಷದ ಕಥೆ ನೂರಿ ಮತ್ತು ಚಂದ್ರಿಯದು. ಇಬ್ಬರು ಹೆಂಗಸರು, ಸವಣೂರಿನಲ್ಲಿ ರೊಟ್ಟಿ ಅಂಗಡಿ ಇಟ್ಟವರು. ಹಗಲು ರೊಟ್ಟಿ ಬಡಿಯುತ್ತಾರೆ, ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಇರುತ್ತಾರೆ. ಸಾಲಿನ ಹೆಂಗಸರಿಗೆ ಇದು ತಮ್ಮದೇ ಮನೆಯ ಸುದ್ದಿಯಾಗಿಬಿಟ್ಟಿತ್ತು. "ಚಂದ್ರೀಗೆ ಹೇಳ, ಹಿಟ್ಟಿಗೆ ಕುದಿಯೋ ನೀರ ಹಾಕಬೇಕಂತ" ಎಂದು ಮಲ್ಲಿಕಾ ಪಕ್ಕದ ಸಾಲಿನಿಂದ ಕೂಗುತ್ತಿದ್ದಳು. ನೂರಿಯ ಅಣ್ಣ ಅಂಗಡಿಯ ಒಲೆ ಒದ್ದ ದಿನ ಎಲ್ಲರೂ ಸೇರಿ ಅವನಿಗೆ ಹಿಡಿಶಾಪ ಹಾಕಿದರು.

ಹೂಂಗುಟ್ಟುತ್ತಿದ್ದವಳು ಉಮೈಮಾ. ಪ್ಲಾಟು ಹಿಡಿದ ಶೇಖಸಾಬನ ಮಗಳು, ಇಪ್ಪತ್ತೊಂದು ವರ್ಷ. ಶಿಗ್ಗಾಂವದ ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ಸಾಲಿನಿಂದ ಸಾಲಿಗೆ ಓಡಾಡಿ ಕೆಂಪು ಕಾಗದ ಹಂಚುವುದು ಅವಳ ಕೆಲಸ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಗುಲ್ನಾಜಳ ಹಿಂದೆಯೇ ನಿಲ್ಲುತ್ತಿದ್ದಳು. ಬೇರೆಯವರ ಹೂಂ ಕಥೆ ಸಾಗಲಿ ಎಂದು. ಇವಳ ಹೂಂ ಹಾಗಿರಲಿಲ್ಲ. ಬಾಯಾರಿದವಳು ನೀರು ಕೇಳಿದ ಹಾಗಿತ್ತು.

ಸೋಮವಾರ ಸಂಜೆ ಶೇಖಸಾಬ ಪ್ಲಾಟಿಗೆ ಬಂದ. ಅಂದು ಉಮೈಮಾ ಬಂದಿರಲಿಲ್ಲ. ಅವನು ಕೆಟ್ಟ ಮಾತಿನ ಮನುಷ್ಯನಲ್ಲ. ಗುಲ್ನಾಜಳ ಮೊದಲ ಪುಸ್ತಕ ಬಂದಾಗ ಹತ್ತು ಪ್ರತಿ ಕೊಂಡು ನೆಂಟರಿಗೆ ಹಂಚಿದವನು. ಅವಳನ್ನು ಬದುವಿನ ಕಡೆಗೆ ಕರೆದು, ತಾನೂ ಕುಕ್ಕುರುಗಾಲಲ್ಲಿ ಕೂತ.

"ಕಥಿ ಎಲ್ಲೀತನಾ ಬಂತ, ಗುಲ್ನಾಜ?"

"ಚಂದ್ರೀಗೆ ಜ್ವರಾ ಬಂದೈತ್ರಿ. ನೂರಿ ಆಕೀನ್ನ ಸವಣೂರ ದವಾಖಾನಿಗೆ ಒಯ್ದಾಳ."

"ಚಲೋ ಆತು. ನಾಡದ ಬುಧವಾರ ಮುಗಸಿಬಿಡು. ಇಬ್ಬರಾಗ ಒಬ್ಬಾಕಿ ಸಾಯಬೇಕು. ಯಾವಾಕಿ ಅನ್ನೂದು ನಿನಗ ಬಿಟ್ಟದ್ದು. ನೀನ ಕಥಿಗಾರ್ತಿ."

ಯಾಕೆ ಎಂದು ಶೇಖಸಾಬನೇ ಬಿಡಿಸಿ ಹೇಳಿದ. ಸವಣೂರಿನಿಂದ ಒಳ್ಳೆಯ ಮನೆಯ ಹುಡುಗ ನೋಡಿ ಹೋಗಿದ್ದಾನೆ. ಶುಕ್ರವಾರ ನಿಕಾಹ್. ಹುಡುಗಿ ಒಲ್ಲೆ ಅನ್ನುತ್ತಾಳೆ. ಕಾಲೇಜಿನ ಗೆಳತಿ ಸುಮೇಧಾ ಅಂತ ಒಬ್ಬಳಿದ್ದಾಳೆ, ಅವಳ ಜೊತೆ ಇರುತ್ತೇನೆ, ನೂರಿ ಚಂದ್ರಿ ಇಲ್ಲವೇ ಅನ್ನುತ್ತಾಳೆ. ಹೊಡೆದರೂ ಅದೇ ಮಾತು, ಉಪವಾಸ ಕೆಡವಿದರೂ ಅದೇ ಮಾತು.

"ಕಥಿ ಮುಗೀಲಿ, ಆಮ್ಯಾಲ ಹೇಳ್ತೇನಿ ಅಂದಾಳ. ಗುಲ್ನಾಜಕ್ಕ ಕೊನಿ ಹೇಳೂತನಾ ಕಬೂಲ್ ಅನ್ನೂದಿಲ್ಲಂತ. ನನ್ನ ಮಾತ ಕೇಳೂದಿಲ್ಲ, ಅವರವ್ವನ ಮಾತ ಕೇಳೂದಿಲ್ಲ. ನಿನ್ನ ಮಾತ ಕೇಳ್ತಾಳ. ಆಕಿ ಮುಂದ ಒಬ್ಬಾಕಿನ್ನ ಸಾಯಿಸು. ಇಂಥಾದ್ದಕ್ಕ ಬಾಳಿಕಿ ಇಲ್ಲ ಅಂತ ಆಕೀಗೆ ತಿಳೀಲಿ."

"ಇಲ್ಲಂದ್ರ?"

"ಇಲ್ಲಂದ್ರ ನಿನಗ ಈ ಪ್ಲಾಟ್ ಇಲ್ಲ. ಯಾ ಪ್ಲಾಟೂ ಇಲ್ಲ." ಶೇಖಸಾಬ ಮೊಣಕಾಲು ಹಿಡಿದುಕೊಂಡು ಎದ್ದ. "ನಿನಗ ಹೊಸಾದೇನಲ್ಲ ಬಿಡು. ಹಿಂದ ಒಮ್ಮೆ ಮಾಡೀಯಲ್ಲ."

ಹೌದು. ಹಿಂದೊಮ್ಮೆ ಮಾಡಿದ್ದಳು.

ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಶೇಖಸಾಬ ಪ್ಲಾಟಿನ ಧಣಿಯಲ್ಲ, ಕೂಲಿಯವರನ್ನು ಕರೆತರುವ ಮೇಸ್ತ್ರಿ. ಅವನ ತಂಗಿ ದಿಲ್ಶಾದ ಗುಲ್ನಾಜಳ ಎದುರು ಸಾಲಿನಲ್ಲಿ ಮೊಗ್ಗು ಸೀಳುತ್ತಿದ್ದಳು. ಒಬ್ಬಳಿಗೆ ಇಪ್ಪತ್ತಮೂರು, ಇನ್ನೊಬ್ಬಳಿಗೆ ಇಪ್ಪತ್ತೊಂದು. ಅದಕ್ಕೆ ಪ್ರೀತಿ ಎಂದು ಹೆಸರಿಡಲು ಇಬ್ಬರಿಗೂ ಧೈರ್ಯವಿರಲಿಲ್ಲ, ಆದರೆ ಇದ್ದದ್ದು ಅದೇ. ನಲವತ್ತು ಜನರ ನಡುವೆ ಮಾತಾಡುವುದು ಹೇಗೆ? ಕಥೆಯಲ್ಲೇ ಮಾತಾಡುತ್ತಿದ್ದರು. ಗುಲ್ನಾಜ "ಆ ಹುಡುಗಿ ಹೊತ್ತು ಇಳಿದ ಮ್ಯಾಲ ಬಾವಿ ಕಡೆ ಬಂದ್ಲು" ಎಂದು ಹೇಳಿದರೆ, ಹೊತ್ತು ಇಳಿದ ಮೇಲೆ ದಿಲ್ಶಾದ ಬಾವಿಯ ಕಡೆ ಬರುತ್ತಿದ್ದಳು. ಕಥೆಯ ಹುಡುಗಿಗೆ ಹಸಿರು ಬಳೆ ಇಷ್ಟ ಎಂದರೆ, ಮರುದಿನ ದಿಲ್ಶಾದಳ ಕೈಯಲ್ಲಿ ಹಸಿರು ಬಳೆ. ನಲವತ್ತು ಹೆಂಗಸರು ಕಥೆ ಎಂದುಕೊಂಡು ಕೇಳುತ್ತಿದ್ದರು.

ಶೇಖಸಾಬನಿಗೆ ವಾಸನೆ ಹತ್ತಿತು. ಹೊಡೆಯಲಿಲ್ಲ, ಬೈಯಲಿಲ್ಲ. ಬದುವಿಗೆ ಕರೆದು ಇದೇ ಮಾತು ಹೇಳಿದ. ಆ ಹುಡುಗಿಯನ್ನು ಸಾಯಿಸು. ಇಲ್ಲವಾದರೆ ನಿನ್ನಪ್ಪ ಇನ್ನು ಈ ಊರಲ್ಲಿ ಗಾದಿ ಹೊಲಿಯುವುದಿಲ್ಲ. ಗುಲ್ನಾಜ ಹೆದರಿದಳು. ಮರುದಿನ ಕಥೆಯ ಹುಡುಗಿಗೆ ಹಾವು ಕಚ್ಚಿಸಿದಳು. ಹೆಂಗಸರೆಲ್ಲ ಅತ್ತರು. ಹತ್ತು ದಿನಕ್ಕೆ ದಿಲ್ಶಾದ ಕಬೂಲ್ ಅಂದು, ಹಾನಗಲ್ಲಿನ ಅಯಾಜನ ಮನೆಗೆ ಹೋದಳು.

ನನ್ನ ಕಥೆಯನ್ನು ಅವಳು ನನ್ನ ಉತ್ತರ ಎಂದು ತಿಳಿದಳು, ನಾನು ಬೇಡ ಅಂದೆ ಎಂದು ತಿಳಿದಳು ಎಂಬ ಸಂಕಟ ಗುಲ್ನಾಜಳಿಗೆ ಅಂದಿನಿಂದ ಇತ್ತು. ಲಗ್ನಕ್ಕೆ ಬಂದ ಗಂಡುಗಳನ್ನೆಲ್ಲ ಹಿಂದೆ ಕಳಿಸಿದಳು. ಅಂದಿನಿಂದ ಅವಳ ಕಥೆಯಲ್ಲಿ ಯಾರೂ ಸಾಯಲಿಲ್ಲ.

ಸೋಮವಾರ ಕೆಲಸ ಬಿಟ್ಟು ಬರುವಾಗ ವಿಷಯ ಎಲ್ಲ ಹೆಂಗಸರಿಗೂ ಗೊತ್ತಾಗಿತ್ತು. ಟೆಂಪೋದಲ್ಲಿ ಅಡಿವೆವ್ವ ಅವಳ ಪಕ್ಕದಲ್ಲಿ ಕೂತಳು.

"ಸಾಯಿಸಿಬಿಡ ನಮ್ಮವ್ವಾ. ಏನಾಗತೈತಿ? ಕಥಿಯೊಳಗಿನ ಹೆಣಾ ಹೊರಾಕ ನಾಕ ಮಂದಿ ಬೇಕಾಗೂದಿಲ್ಲ."

"ಒಂದ ಹೆಣಾ ಹದಿನೆಂಟ ವರ್ಷದಿಂದ ಒಬ್ಬಾಕೀನ ಹೊತ್ತೇನಿ, ಅಡಿವೆವ್ವಾ."

ಅಡಿವೆವ್ವ ಮುಖ ತಿರುಗಿಸಿಕೊಂಡಳು. ಅವಳಿಗೆ ತಿಳಿಯಿತು. ಹದಿನೆಂಟು ವರ್ಷದ ಹಿಂದೆಯೂ ಅವಳು ಅದೇ ಸಾಲಿನಲ್ಲಿದ್ದಳು.

ಮಂಗಳವಾರ ಬೆಳಗಿನ ಕೆಲಸ ಮುಗಿಸಿ, ಮಧ್ಯಾಹ್ನದ ಸಾಲನ್ನು ಮಲ್ಲಿಕಾಳಿಗೆ ಒಪ್ಪಿಸಿ ಗುಲ್ನಾಜ ಹಾನಗಲ್ಲಿನ ಬಸ್ಸು ಹತ್ತಿದಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ. ಬಸ್ಸಿಗೆ ಅಲ್ಲಿಗೆ ಹೋಗಲು ಒಂದು ತಾಸು ಸಾಕು.

ಅಯಾಜನದು ಚುರಮುರಿ ಭಟ್ಟಿ. ಊರ ಹೊರಗೆ, ಹೊಗೆ ಹಿಡಿದ ತಗಡಿನ ಚಪ್ಪರ. ಒಳಗೆ ಕಾದ ಉಸುಕಿನಲ್ಲಿ ಅಕ್ಕಿ ಸಿಡಿಯುತ್ತಿತ್ತು. ಒಬ್ಬ ಹೆಂಗಸು ದೊಡ್ಡ ಜರಡಿ ಹಿಡಿದು ಉಸುಕು ಜಾಡಿಸುತ್ತಿದ್ದಳು. ಮೈ ತುಂಬ ಬೂದಿ, ಹುಬ್ಬಿನ ಕೂದಲು ಕಾವಿಗೆ ಸುಟ್ಟು ಅರ್ಧ ಉಳಿದಿತ್ತು. ಅವಳು ದಿಲ್ಶಾದ ಎಂದು ಗುರುತು ಹಿಡಿಯಲು ಗುಲ್ನಾಜಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ದಿಲ್ಶಾದಳಿಗೆ ಹೊತ್ತು ಬೇಕಾಗಲಿಲ್ಲ. ಜರಡಿ ನಿಲ್ಲಿಸದೆ ಕೇಳಿದಳು.

"ಯಾಕ ಬಂದಿ?"

"ಒಂದ ಮಾತ ಹೇಳೂದಿತ್ತು."

"ಹೇಳ. ಅಯಾಜ ಹಾವೇರಿಗೆ ಹೋಗ್ಯಾನ. ಚಲೋ ಮನಶ್ಯಾನ, ಇದ್ದಿದ್ರೂ ಏನೂ ಅಂತಿರಲಿಲ್ಲ."

ಹದಿನೆಂಟು ವರ್ಷ ಹೊತ್ತದ್ದನ್ನು ಗುಲ್ನಾಜ ನಿಂತ ಕಾಲಲ್ಲಿ ಇಳಿಸಿದಳು. ಆ ಹುಡುಗಿಯನ್ನು ನಾನಾಗಿ ಸಾಯಿಸಲಿಲ್ಲ, ನಿಮ್ಮಣ್ಣ ಹೇಳಿ ಸಾಯಿಸಿದ. ಅದು ನನ್ನ ಉತ್ತರ ಅಲ್ಲ. ನೀನು ತಪ್ಪು ತಿಳಿದೆ.

ದಿಲ್ಶಾದ ಜರಡಿ ಕೆಳಗಿಟ್ಟಳು.

"ಕಥಿ ಯಾರ್ ಕೇಳ್ತಿದ್ರ, ಗುಲ್ನಾಜ?" ಅಂದಳು. "ನಲವತ್ತ ಮಂದಿ ಕಥಿ ಕೇಳ್ತಿದ್ರು. ನಾ ನಿನ್ನ ಮಾರಿ ನೋಡ್ತಿದ್ದೆ. ಹಾವು ಕಚ್ಚಿಸಿದ್ದು ನಮ್ಮಣ್ಣ ಅಂತ ನನಗ ಅವತ್ತ ಗೊತ್ತಾತು. ನಾ ಏನ್ ದಡ್ಡಿ?"

"ಮತ್ತ ಕಬೂಲ್ ಯಾಕ ಅಂದಿ?"

"ನೀ ದಿನಾ ಹತ್ತ ಸಲ ತಲಿ ಎತ್ತಿ ನನ್ನ ಸಾಲಿನ ಕಡೆ ನೋಡಾಕಿ. ಅವತ್ತ ನೋಡಲಿಲ್ಲ. ಮರದಿನಾನೂ ನೋಡಲಿಲ್ಲ. ನಾ ಎಂಟ ದಿನ ಕಾದೆ. ಒಂದ ಸಲ ತಲಿ ಎತ್ತಿದ್ರ ಸಾಕಾಗಿತ್ತು, ಸವಣೂರಿಗೋ ಹುಬ್ಬಳ್ಳಿಗೋ ನಿನ್ನ ಕರಕೊಂಡ ಹೋಗಾಕ ತಯಾರಿದ್ದೆ. ಬಟ್ಟಿ ಗಂಟ ಕಟ್ಟಿ ಇಟ್ಟಿದ್ದೆ."

"ನನಗ ನಾಚಿಕಿ ಆಗಿತ್ತು, ದಿಲ್ಶಾದ."

"ನಿನಗ ನಾಚಿಕಿ ಆತು. ನನ್ನ ಜನ್ಮ ಹೋತು."

ಸಿಟ್ಟಿನಿಂದ ಹೇಳಲಿಲ್ಲ. ಸಂತೆಯಲ್ಲಿ ಬೆಲೆ ಹೇಳುವವರ ಹಾಗೆ ಹೇಳಿದಳು. ಗುಲ್ನಾಜ ಅಲ್ಲೇ ಚೀಲದ ಮೇಲೆ ಕೂತು ಅತ್ತಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬಂದ ಬುದ್ಧಿಯನ್ನು ಎಲ್ಲಿಡಬೇಕು ಎಂದು ಯಾರೂ ಹೇಳುವುದಿಲ್ಲ. ಇಷ್ಟು ವರ್ಷ ಅವಳು ತನ್ನ ಕಥೆಯ ಮೇಲೆ ತಪ್ಪು ಹೊರಿಸಿ ಬದುಕಿದ್ದಳು. ಕಥೆಯ ತಪ್ಪಲ್ಲ, ಮೇಲೆತ್ತದ ತನ್ನ ಕುತ್ತಿಗೆಯ ತಪ್ಪು ಎಂದು ಇಂದು ತಿಳಿಯಿತು.

"ನನ್ನ ಪುಸ್ತಕಾ ಓದೀಯೇನ?" ಎಂದು ಕಣ್ಣು ಒರೆಸಿಕೊಂಡು ಕೇಳಿದಳು.

"ಮನ್ಯಾಗ ಅದಾವು. ಓದೂದಿಲ್ಲ. ಎಲ್ಲಾರೂ ಬದುಕ್ತಾರಂತ ಅದರಾಗ. ನನಗ ಓದಾಕ ಆಗೂದಿಲ್ಲ."

ಗುಲ್ನಾಜ ಉಮೈಮಾಳ ವಿಷಯ ಹೇಳಿದಳು. ದಿಲ್ಶಾದ ಅಣ್ಣನ ಮಗಳ ಹೆಸರು ಕೇಳಿ ಕಣ್ಣು ಮುಚ್ಚಿದಳು. ಭಟ್ಟಿಯ ಒಳಗಿನಿಂದ ಮಗಳು ಕರೆದದ್ದಕ್ಕೆ "ಬಂದೆ" ಎಂದು ಕೂಗಿದಳು. ಮತ್ತೆ ಜರಡಿ ಎತ್ತಿಕೊಂಡಳು.

"ನನ್ನ ಮುಂದ ಅತ್ತ ಏನ್ ಮಾಡ್ತಿ? ನಂದ ಮುಗದೈತಿ. ಆ ಕೂಸಿಗೆ ತಲಿ ಎತ್ತಿ ಹೇಳಹೋಗ."

ಬುಧವಾರ ಮಧ್ಯಾಹ್ನ ಶೇಖಸಾಬ ಊಟದ ಹೊತ್ತಿಗೇ ಬಂದು ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹೆಂಗಸರು ಸಾಲಿಗೆ ಇಳಿದರು. ಕೋಟೆಯ ಕಡೆಯಿಂದ ಬಂದ ನವಿಲುಗಳು ಬದುವಿನಲ್ಲಿ ಹುಳ ಹೆಕ್ಕುತ್ತಿದ್ದವು, ಅವುಗಳನ್ನು ಓಡಿಸಲೂ ಯಾರೂ ಬಾಯಿ ಬಿಡಲಿಲ್ಲ.

ಕೆಂಪು ಕಾಗದದ ಬುಟ್ಟಿ ಇಂದು ಸಾಲಿನ ಇನ್ನೊಬ್ಬಳು, ಫರ್ಹತಳ ಸೊಂಟದ ಮೇಲಿತ್ತು. ಗುಲ್ನಾಜ ಸುತ್ತ ನೋಡಿದಳು.

"ಉಮೈಮಾ ಎಲ್ಲಿ?"

"ಆಕೀ ಸುದ್ದಿ ನಿನಗ್ಯಾಕ? ನೀ ಕಥಿ ಹೇಳು." ಶೇಖಸಾಬ ಕಿಸೆಯಿಂದ ಮೊಬೈಲ್ ತೆಗೆದು ಮುಂದೆ ಹಿಡಿದ. ಗುಂಡಿ ಒತ್ತಿದ. "ಇದರಾಗ ಹಿಡಕೊಂತೇನಿ. ಆಕೀಗೆ ನಾ ಕೇಳಸ್ತೇನಿ. ನಿನ್ನ ಧ್ವನೀನ ಬೇಕು, ಇಲ್ಲಂದ್ರ ನಂಬೂದಿಲ್ಲ."

ಗುಲ್ನಾಜ ಬಗ್ಗಿದಳು. ಒಂದು ಮೊಗ್ಗು ಸೀಳಿದಳು. ಕೇಸರ ಕಿತ್ತು ನೆಲಕ್ಕೆ ಹಾಕಿದಳು. ಹೇಳಲು ಶುರು ಮಾಡಿದಳು.

ಸವಣೂರ ದವಾಖಾನೆಯಲ್ಲಿ ಚಂದ್ರಿಗೆ ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ಕಣ್ಣು ಮೇಲಾದವು. ನೀನು ಯಾರು, ಏನಾಗಬೇಕು ಎಂದು ದವಾಖಾನೆಯವರು ನೂರಿಯನ್ನು ಕೇಳಿದರು. ನೂರಿ ಏನು ಹೇಳಬೇಕು? ತಂಗಿ ಎಂದಳು. ತಂಗಿಯ ಹೆಸರು ಹೀಗೆ, ಅಕ್ಕನ ಹೆಸರು ಹಾಗೆ, ಇದು ಹೇಗೆ ಎಂದು ಅವರು ಮುಖ ಮುಖ ನೋಡಿಕೊಂಡರು. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದರು. ನೂರಿ ಹೊರಗೆ ಕಲ್ಲಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು.

ಸಾಲಿನಲ್ಲಿ ಮೂಗು ಎಳೆಯುವ ಸದ್ದು ಕೇಳಿತು. ಹೂಂಗುಟ್ಟುವವರು ಯಾರೂ ಇರಲಿಲ್ಲ. ಶೇಖಸಾಬ ಕುರ್ಚಿಯಲ್ಲಿ ಮುಂದೆ ಬಾಗಿದ್ದ. ಮೊಬೈಲಿನ ಕೈ ಇನ್ನಷ್ಟು ಮುಂದೆ ಬಂತು.

ಗುಲ್ನಾಜ ನಿಂತಳು. ಬೆನ್ನು ನೆಟ್ಟಗೆ ಮಾಡಿದಳು. ಕೆಲಸದ ಹೊತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡುವಂತಿಲ್ಲ. ಮಾಡಿದಳು. ಶೇಖಸಾಬನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ನಾಕನೇ ದಿನಾ ಮುಂಜಾನೆ ಚಂದ್ರೀಗೆ ಜ್ವರಾ ಬಿಡ್ತು. ಎದ್ದ ಕುಂತ್ಲು. ನೂರಿ ಎಲ್ಲಿ ಅಂದ್ಲು. ಹಸಿವ್ಯಾಗೇತಿ ಅಂದ್ಲು."

ಶೇಖಸಾಬನ ಕೈ ಹಾಗೆಯೇ ಇತ್ತು. ತಪ್ಪು ಕೇಳಿದೆನೇ ಎಂಬಂತೆ ನೋಡಿದ.

"ಉಮೈಮಾ, ಕೇಳಿಲ್ಲೆ," ಗುಲ್ನಾಜ ಈಗ ಮೊಬೈಲಿಗೆ ಹೇಳಿದಳು. "ಇಬ್ಬರೂ ಬದುಕ್ಯಾರ. ಅಂಗಡಿ ಮತ್ತ ತಗದಾರ. ಮಂದಿ ಉಗುಳ್ತಾರ, ಇವರು ಬಾಗಲಾ ತೊಳಕೊಂಡ ರೊಟ್ಟಿ ಬಡಿತಾರ. ನೀ ಕಬೂಲ್ ಅನಬ್ಯಾಡ. ಮನಸಿಲ್ಲದಾಕೀನ್ನ ಕಟ್ಟಿ ಕೊಡಾಕ ಯಾ ದೀನೂ ಧರ್ಮಾನೂ ಹೇಳಿಲ್ಲ. ಬ್ಯಾಡ ಅಂತ ಬಾಯಿ ಬಿಟ್ಟ ಹೇಳು. ಸುಮ್ಮನಿದ್ರ ಹೂಂ ಅಂತ ತಿಳಕೊಂತಾರ."

ಶೇಖಸಾಬ ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು.

"ಒಬ್ಬಾಕಿ ಸಾಯಬೇಕಂತ ಹೇಳಿದ್ದೆ ನಾ!"

"ಸಾಯೂದಿಲ್ಲ. ನಿಮ್ಮ ಸಲುವಾಗಿ ಹಿಂದ ಒಬ್ಬಾಕಿನ್ನ ಸಾಯಿಸೇನಿ. ಇನ್ನ ಸಾಯಿಸೂದಿಲ್ಲ."

ಆಗ ಅವನ ಬಾಯಿಂದ ಇಷ್ಟು ವರ್ಷ ಒಳಗಿದ್ದದ್ದು ಬಂತು. ಗಂಡಿಲ್ಲದ ಗೂಬೆ ಅಂದ. ಹೊಲಸು ಅಂದ. ನನ್ನ ತಂಗಿಯನ್ನು ಕೆಡಿಸಲು ನೋಡಿದವಳು, ಈಗ ಮಗಳನ್ನು ಕೆಡಿಸಿದಳು ಅಂದ. ಸಾಲಿನ ಹೆಂಗಸರ ಕಡೆ ತಿರುಗಿ ಕೂಗಿದ.

"ಇಕೀದು ಬಂಜಿ ಕೈ! ಇಕೀ ಮುಟ್ಟಿದ ಹೂ ಕಾಯಿ ಕಟ್ಟೂದಿಲ್ಲ. ಯಾರರ ಇಲ್ಲ ಅನ್ರಿ ನೋಡೂಣು."

ಇಡೀ ಪ್ಲಾಟಿನಲ್ಲಿ ಅತಿ ಹೆಚ್ಚು ಕಾಯಿ ನಿಲ್ಲುವುದು ಗುಲ್ನಾಜಳ ಸಾಲಿನಲ್ಲಿ. ಅದು ಫರ್ಹತಳಿಗೆ ಗೊತ್ತು. ಮಲ್ಲಿಕಾಳಿಗೆ ಗೊತ್ತು. ಪ್ರತಿ ವರ್ಷ ಹೊಸ ಹುಡುಗಿಯರಿಗೆ "ಗುಲ್ನಾಜನ ಕೈ ನೋಡಿ ಕಲೀರಿ" ಎಂದು ಹೇಳುವವಳು ಅಡಿವೆವ್ವ. ನಲವತ್ತು ಹೆಂಗಸರು ಬಗ್ಗಿದವರು ಬಗ್ಗಿಯೇ ಇದ್ದರು. ನಿನ್ನೆಯವರೆಗೆ ಚಂದ್ರಿಯ ಜ್ವರಕ್ಕೆ ಹರಕೆ ಹೊತ್ತವರು ಇವರು. ಯಾರೂ ಇಲ್ಲ ಅನ್ನಲಿಲ್ಲ. ಆ ಮೌನ ಗುಲ್ನಾಜಳಿಗೆ ಶೇಖಸಾಬನ ಬೈಗುಳಕ್ಕಿಂತ ಹೆಚ್ಚು ತಾಗಿತು.

ಶೇಖಸಾಬ ಮೊಬೈಲ್ ಒತ್ತಿ, ಹಿಡಿದದ್ದನ್ನೆಲ್ಲ ಅಳಿಸಿದ. ಅಳಿಸಿದ್ದನ್ನು ಅವಳಿಗೆ ತೋರಿಸಿದ.

"ಯಾರ ಮುಂದ ಶೂರಿ ಆದಿ ನೀ? ಆಕಿ ಇಲ್ಲಿ ಇಲ್ಲ. ಮುಂಜಾನೆ ಹಿರೇಕೆರೂರ ಕಡೆ ಕಳಿಸೇನಿ, ಬಳಗದವರ ಮನಿಗೆ. ನಿಕಾಹ್ ಅಲ್ಲೇ. ನೀ ಹೇಳದಿದ್ರ ಏನಾತು? ಸತ್ಲು ಅಂತ ನಾನ ಹೇಳ್ತೇನಿ. ಗುಲ್ನಾಜ ಹಂಗ ಮುಗಿಸ್ಯಾಳ, ನಲವತ್ತ ಮಂದಿ ಕೇಳ್ಯಾರ ಅಂತೇನಿ. ಇವರಾಗ ಯಾವಾಕಿ ಇಲ್ಲ ಅಂತಾಳ?"

ಯಾವಾಕಿಯೂ ಅನ್ನುವುದಿಲ್ಲ. ಅದನ್ನು ಈಗಷ್ಟೇ ನೋಡಿದ್ದಾಯಿತು.

ಅವನು ಮೋಟರ್‌ಸೈಕಲ್ ಹತ್ತಿ ಹೋದ. ಹೋಗುವ ಮುಂಚೆ, ಅವಳ ಸೊಂಟದಲ್ಲಿದ್ದ, ಕೆಂಪು ಕಾಗದ ಇಡುವ ಚೀಲವನ್ನು ಬಿಚ್ಚಿಸಿ ಇಡಿಸಿಕೊಂಡ. ಇಪ್ಪತ್ತು ವರ್ಷ ಆ ಸೊಂಟಕ್ಕೆ ಕಟ್ಟಿದ ಚೀಲ. ಗುಲ್ನಾಜ ತನ್ನ ಬುತ್ತಿಯ ಗಂಟು ತೆಗೆದುಕೊಂಡು ಸಾಲಿನಿಂದ ಹೊರಗೆ ಬಂದಳು. ನಲವತ್ತು ಕಾದಂಬರಿ ಬರೆದರೂ ಆ ಹುಡುಗಿಯ ಕಿವಿಗೆ ಒಂದು ಮಾತು ಮುಟ್ಟಿಸಲು ಆಗದಿದ್ದರೆ ಏನು ಬಂತು ಅನ್ನಿಸಿತು. ಉಮೈಮಾ ಬಾಗಿಲು ನೋಡುತ್ತ ಕೂತಿರುತ್ತಾಳೆ. ಕಥೆಯ ಕೊನೆಗೆ ಕಾಯುತ್ತಿರುತ್ತಾಳೆ. ಬರುವುದು ಸುಳ್ಳು ಸಾವು.

ಗುಲ್ನಾಜ ಬದುವಿನ ಮೇಲೆ ನಿಂತು ಹಿಂತಿರುಗಿದಳು.

"ಎಲ್ಲಿ ಒಯ್ದಾರ ಆಕೀನ್ನ? ಹಿರೇಕೆರೂರ ಕಡೆ ಯಾ ಊರು? ನಿಮಗ ಗೊತ್ತೈತಿ. ಹೇಳ್ರಿ."

ಉಗುರುಗಳು ಮೊಗ್ಗು ಸೀಳುತ್ತಿದ್ದವು.

"ನನ್ನ ಕಥಿ ಕೇಳಿ ಅತ್ತೀರಿ. ಇಪ್ಪತ್ತ ವರ್ಷ ಅತ್ತೀರಿ. ಒಂದ ಊರಿನ ಹೆಸರ ಹೇಳಾಕ ಆಗೂದಿಲ್ಲೇನ?"

ಕಾಯುವುದರಲ್ಲಿ ಅರ್ಥವಿರಲಿಲ್ಲ. ಹಿರೇಕೆರೂರಿಗೆ ಹೋಗಿ ಅಲ್ಲಿ ವಿಚಾರಿಸಿದರಾಯಿತು ಎಂದು ಅವಳು ತಿರುಗಿ ನಾಲ್ಕು ಹೆಜ್ಜೆ ಹಾಕಿದ್ದಳು.

"ಅಬಲೂರು."

ಅಡಿವೆವ್ವನ ಧ್ವನಿ. ಅವಳು ತಲೆ ಎತ್ತಿರಲಿಲ್ಲ. ಎರಡೂ ಕೈ ಗಿಡದೊಳಗೇ ಇದ್ದವು.

"ಗುಡಿ ಹಿಂದಿನ ಓಣಿ. ಶೇಖಸಾಬನ ಹೆಂಡತಿ ತವರಮನಿ. ನೀಲಿ ಬಾಗಲಾ."

"ನಾಕೂವರಿ ಬಸ್ ತಪ್ಪಿದ್ರ ಇವತ್ತ ಮುಟ್ಟೂದಿಲ್ಲ," ಎಂದಳು ಪಕ್ಕದ ಸಾಲಿನ ಮಲ್ಲಿಕಾ, ತನ್ನ ಗಿಡಕ್ಕೆ ಹೇಳಿದ ಹಾಗೆ. "ಹಾವೇರಿಗೆ ಇಳದ ಹಿರೇಕೆರೂರ ಗಾಡಿ ಹಿಡಿ."

ಪ್ಲಾಟಿನಿಂದ ರಸ್ತೆಗೆ ಅರ್ಧ ಮೈಲಿ. ಹೊತ್ತು ನಾಲ್ಕು ದಾಟಿತ್ತು. ಹೋಗಿ ಏನು ಮಾಡುವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಆ ನೀಲಿ ಬಾಗಿಲು ತೆರೆಯುತ್ತಾರೋ, ಮುಖಕ್ಕೆ ಹಾಕುತ್ತಾರೋ, ನಾಲ್ಕು ಜನ ಹಿಡಿದು ಹೊಡೆಯುತ್ತಾರೋ. ಹುಡುಗಿ ಈಗಾಗಲೇ ಸೋತು ಹೂಂ ಅಂದಿರಲೂಬಹುದು. ಓಣಿಯಲ್ಲಿ ನಿಂತು ಕೂಗಿದರೆ ಒಳಗೆ ಕೇಳಿಸೀತು, ಅಷ್ಟೇ.

ಗುಲ್ನಾಜ ಬುತ್ತಿಯ ಗಂಟನ್ನು ಬದುವಿನ ಮೇಲೆ ಬಿಟ್ಟು, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಓಡತೊಡಗಿದಳು.